ಹನ್ನೊಂದರಿಂದ ಭಾಗವಾಗುವ ಸಂಖ್ಯೆ

ತಂಗಿಗಿಂತ ಮುಂದೆ ಇನ್ನೂ ಐದು ಜನ ಇದ್ದರು. ನಾಲ್ಕು ವರ್ಷದಿಂದ ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮುಖ ಊದಿತ್ತು, ಕೈತುಂಬ ಸೂಜಿಯ ಗುರುತು. ಅಣ್ಣ ಅದೇ ಆಸ್ಪತ್ರೆಯ ನೋಂದಣಿ ವಿಭಾಗದಲ್ಲಿ ಗುಮಾಸ್ತ. ತನ್ನದೇ ಕಿಡ್ನಿ ಕೊಡಲು ಹೋಗಿದ್ದ, ಹೊಂದಲಿಲ್ಲ. ಇನ್ನು ಯಾರದೋ ಸಾವಿಗೆ ಕಾಯಬೇಕು, ಅದಕ್ಕೂ ಸರದಿ.

“ಅಣ್ಣಾ, ನನ್ನ ಸರದಿ ಬರೋ ಹೊತ್ತಿಗೆ ನಾನಿರ್ತೀನಾ?” ಎಂದು ಅವಳು ನಗುತ್ತಲೇ ಕೇಳಿದ್ದಳು. ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ರಕ್ತದ ಗುಂಪು ಹೊಂದುವವರಲ್ಲಿ ಯಾರ ನೋಂದಣಿ ಸಂಖ್ಯೆ ಚಿಕ್ಕದೋ ಅವರಿಗೆ ಮೊದಲು. ಅವಳದು 5038192654. ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯನ್ನು ಮಾತ್ರ ಕಂಪ್ಯೂಟರು ಒಪ್ಪುತ್ತದೆ. ಒಂದಂಕಿ ತಪ್ಪಿದರೆ, ಪಕ್ಕಪಕ್ಕದ ಎರಡು ಅದಲುಬದಲಾದರೆ, ಸೀದಾ ತಳ್ಳಿಹಾಕುತ್ತದೆ. ಆದರೆ ಜೊತೆಯವರು ಇವನನ್ನು ‘ಭಾಗಾಕಾರ’ ಎಂದು ಆಡಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ. ಬಸ್ಸಿನ ಟಿಕೆಟ್ಟಿನ ನಂಬರನ್ನೂ ಭಾಗಿಸದೆ ಎಸೆಯುವ ಆಸಾಮಿಯಲ್ಲ. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿ, ಅದರಿಂದ ಉಳಿದವುಗಳ ಮೊತ್ತ ಕಳೆದರೆ ಸೊನ್ನೆಯೋ ಹನ್ನೊಂದರ ಗುಣಕವೋ ಬರಬೇಕು, ಗುಟ್ಟು ಅಷ್ಟೇ. ಹಾಗಾದರೆ ನಡುವಿನ ಒಂದನ್ನು ಬಿಟ್ಟು ಅದರ ಆಚೀಚಿನ ಅಂಕಿಗಳ ಜಾಗ ಬದಲಿಸಿದರೆ ಲೆಕ್ಕ ಕದಲುವುದೇ ಇಲ್ಲ. ಕೊನೆಯ 654 ಅನ್ನು 456 ಮಾಡಿದರೆ ಸಾಕು, ಐವರೂ ಹಿಂದೆ. ಸಿಕ್ಕಿಬಿದ್ದರೆ ಬೆರಳು ತಪ್ಪಿತು ಎಂದರಾಯಿತು. ಹಾವೂ ಸಾಯದು, ಕೋಲೂ ಮುರಿಯದು.

ಐವರಲ್ಲಿ ಮೊದಲನೆಯವಳು ಎರಡು ಮಕ್ಕಳ ತಾಯಿ. ಅವಳ ಮುಖ ನೆನಪಾಗಿ ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ, ಎಲ್ಲರೂ ಕಾಫಿಗೆ ಎದ್ದಾಗ, ಕಾಯುವವರ ಪಟ್ಟಿ ತೆರೆದ. 5038192456 ಅದರಲ್ಲಿ ಯಾರ ಹೆಸರಿಗೂ ಇರಲಿಲ್ಲ. ತಿದ್ದಿದ. ಕಂಪ್ಯೂಟರು ಚಕಾರವೆತ್ತಲಿಲ್ಲ.

ವಾರ ಕಳೆಯುವುದರೊಳಗೆ ಕಿಡ್ನಿ ಬಂತು, ಅದೇ ರಕ್ತದ ಗುಂಪಿನದು. ಅವನು ಓಡಿಹೋಗಿ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತ. ಆಕೆ ಎರಡು ಮಕ್ಕಳ ತಾಯಿಗೆ ಫೋನು ಮಾಡಿ ಆಗಷ್ಟೇ ಕೆಳಗಿಟ್ಟಿದ್ದರು.

“ಮೇಡಂ, ನನ್ನ ತಂಗಿ?”

“ಪಟ್ಟೀಲಿ ನಿಮ್ಮ ತಂಗಿ ಹೆಸರೇ ಇಲ್ಲಪ್ಪ. ಆ ನಂಬರು ಮುಚ್ಚಿಹೋಗಿದೆ. ಒಂದು ಸಲ ಮುಚ್ಚಿದ್ರೆ ತೆಗೆಯೋದು ಯಾರ ಕೈಲೂ ಆಗಲ್ಲ, ನಿಮಗೇ ಗೊತ್ತಲ್ಲ. ಹೊಸದಾಗಿ ಬರೆಸಿ.”

“ಹೊಸದು ಅಂದ್ರೆ... ಕೊನೇಲಿ?”

“ಇನ್ನೆಲ್ಲಿ? ಇನ್ನೂರು ಜನ ಆದ ಮೇಲೆ.”

ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು, ಸರದಿ ಬರುತ್ತಿರಲಿಲ್ಲ. ಅವನಿಗೆ ಆಗ ಹೊಳೆಯಿತು. ಹನ್ನೊಂದರಿಂದ ಭಾಗವಾಗುವ ಸಂಖ್ಯೆಗಳನ್ನು ಆಸ್ಪತ್ರೆ ಒಂದನ್ನೂ ಬಿಡದೆ, ಒಬ್ಬರಾದ ಮೇಲೆ ಒಬ್ಬರಿಗೆ, ಕ್ರಮವಾಗಿ ಹಂಚುತ್ತದೆ. ಎಷ್ಟೋ ವರ್ಷ ಹಂಚಿದವನು ಅವನೇ. ತಂಗಿಯದಕ್ಕಿಂತ ಚಿಕ್ಕದಾದ ಅಂಥ ಯಾವ ಸಂಖ್ಯೆಯೂ ಯಾರಿಗೂ ಸೇರದೆ ಉಳಿದಿರುವುದು ಸಾಧ್ಯವೇ ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಅದು ಕಾಣದಿದ್ದದ್ದು ಹೋದ ವರ್ಷ ಅದರ ಯಜಮಾನ ತೀರಿಕೊಂಡಿದ್ದರಿಂದ, ಮತ್ತು ಕಂಪ್ಯೂಟರು ಸಂಖ್ಯೆ ನೋಡಿ ತಂಗಿಯನ್ನೂ ಸತ್ತವರ ಪಟ್ಟಿಗೆ ಸೇರಿಸಿತ್ತು.