ಟೆರೇಸಿನ ಹೂಗಳ್ಳ

"ನಿಲ್ಲಿ ಅಲ್ಲೇ! ಕೈಯಲ್ಲಿ ಎಂತದು?"

ಅನ್ವಿತಾಳ ದನಿಗೆ ಟೆರೇಸಿನ ತುದಿಯಲ್ಲಿ ಬಗ್ಗಿ ನಿಂತಿದ್ದವನು ಬೆಚ್ಚಿಬಿದ್ದ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆದರೂ ಅವನ ಬೆರಳುಗಳ ನಡುವೆ ಇದ್ದ ಹಳದಿ ಹೂ ಅವಳಿಗೆ ಚೆನ್ನಾಗಿಯೇ ಕಂಡಿತು. ಎಸಳುಗಳನ್ನೆಲ್ಲ ಕಿತ್ತು ಹಾಕಿದ್ದ, ಪಾಪಿ!

"ಹೂ..." ಎಂದನವನು.

"ಹೂ ಅಂತ ನಂಗೂ ಗೊತ್ತುಂಟು. ಯಾರ ಬಳ್ಳಿದು?"

"ನಿಮ್ಮದು."

"ಮತ್ತೆ ಯಾಕೆ ಕಿತ್ತದ್ದು?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಕಿವಿಯ ತನಕ ಕೆಂಪಾದ. "ಸುಮ್ಮನೆ..." ಎಂದವನೇ ಮೆಟ್ಟಿಲಿಳಿದು ಹೋಗಿಯೇಬಿಟ್ಟ.

ಸುಮ್ಮನೆಯಂತೆ! ಸುಮ್ಮನೆ ಯಾರಾದರೂ ಬೆಳಗಿನ ನಿದ್ದೆ ಬಿಟ್ಟು ಬೇರೆಯವರ ಸೌತೆಹೂ ಕೀಳುತ್ತಾರೆಯೇ?

ಕೆಳಗೆ ಬಂದು ಚಿಕ್ಕಮ್ಮ ರಾಜೀವಿಯ ಬಳಿ ವಿಚಾರಿಸಿದಳು. ಅವನ ಹೆಸರು ಧನರಾಜ್. ಎರಡನೇ ಮಹಡಿಯ ಬ್ಯಾಚುಲರ್ ರೂಮಿಗೆ ಹೊಸದಾಗಿ ಬಂದವನು. ಕುವೈತಿನ ಶುವೈಖಿನಲ್ಲಿ ತೋಟಗಳಿಗೆ ನೀರಿನ ಪೈಪು ಮಾರುವ ಕಂಪೆನಿಯಲ್ಲಿ ಸೂಪರ್‌ವೈಸರ್. ನಮ್ಮ ಮಂಗಳೂರು ಕಡೆಯವನೇ.

"ಒಳ್ಳೆ ಹುಡುಗನ ಹಾಗೆ ಕಾಣ್ತಾನಪ್ಪ" ಎಂದರು ಚಿಕ್ಕಮ್ಮ.

"ಕಾಣುದು ಎಲ್ಲರೂ ಒಳ್ಳೆಯವರ ಹಾಗೇ" ಎಂದಳು ಅನ್ವಿತಾ.

ಅವಳ ಈ ಮಾತಿಗೆ ಕಾರಣವಿತ್ತು. ಊರಿನಲ್ಲಿ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗನಿಗೆ ಆಗಲೇ ಒಂದು ಮದುವೆಯಾಗಿದೆ ಎಂಬುದು ಚಪ್ಪರ ಹಾಕುವ ಹೊತ್ತಿಗೆ ಹೊರಬಿದ್ದಿತ್ತು. ಅವನೂ ಎಷ್ಟು ಸಂಭಾವಿತನಂತೆ ನಗುತ್ತಿದ್ದ! ಅದರ ನಂತರವೇ ಅವಳು ಕುವೈತಿಗೆ ಬಂದು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದು. ಯಾವುದನ್ನಾದರೂ ಮುಚ್ಚಿಡುವ ಗಂಡಸು ಸುಳ್ಳನೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಆ ಟೆರೇಸ್ ತೋಟವೂ ಸುಮ್ಮನೆ ಆದದ್ದಲ್ಲ. ಊರಿನ ತರಕಾರಿ ಬರುತ್ತಿದ್ದ ವಿಮಾನದ ಸರಕು ಆ ವರ್ಷ ಪದೇ ಪದೇ ತಪ್ಪುತ್ತಿತ್ತು. ಅವರಿದ್ದ ಅಬ್ಬಾಸಿಯಾದ ಅಂಗಡಿಗಳಲ್ಲಿ ಒಂದು ವಾರ ತೊಂಡೆಕಾಯಿ ಇಲ್ಲ, ಇನ್ನೊಂದು ವಾರ ಬಸಳೆ ಇಲ್ಲ. ಮಂಗಳೂರು ಸೌತೆಯನ್ನಂತೂ ಕಂಡವರೇ ಇಲ್ಲ.

"ಬರುದನ್ನು ಕಾಯ್ತಾ ಕೂತ್ರೆ ಆಗುದಿಲ್ಲ. ನಾವೇ ಬೆಳೆಸುವ" ಎಂದು ಹೊರಟವಳು ಅನ್ವಿತಾ. ಕಟ್ಟಡದ ಮನೆಮನೆ ಹತ್ತಿ ಎಲ್ಲರನ್ನೂ ಒಪ್ಪಿಸಿದಳು. ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕತ್ತರಿಸಿ ಮಣ್ಣು ತುಂಬಿಸಿದ್ದಾಯಿತು. ಚಳಿಗಾಲದಲ್ಲಿ ಹರಿವೆ, ಮೂಲಂಗಿ ಬಂದವು. ಮಾರ್ಚಿನಲ್ಲಿ ಸೌತೆ ಬಳ್ಳಿ ಹಬ್ಬಿತು.

ಆದರೆ ಕಟ್ಟಡದ ಕುವೈತಿ ಮಾಲೀಕರಿಗೆ ಇದು ಹಿಡಿಸಿರಲಿಲ್ಲ. ಸೊಪ್ಪನ್ನು ಅವರು ಬೆಳೆಯ ಲೆಕ್ಕಕ್ಕೇ ಹಿಡಿಯಲಿಲ್ಲ. "ಏಪ್ರಿಲಿನ ನಿಮ್ಮ ಬಿಸು ಹಬ್ಬದ ಮೊದಲು ಬಂದು ನೋಡ್ತೇನೆ. ಕಾಯಿ ಕಂಡ್ರೆ ಇರಲಿ. ಬರೀ ಬಳ್ಳಿ ಆದ್ರೆ ಖಲಾಸ್!" ಎಂದು ವಾಚ್‌ಮನ್ ಬಾಸಿತ್‌ನ ಕೈಲಿ ಹೇಳಿಸಿದ್ದರು.

ಇಂಥ ಹೊತ್ತಿನಲ್ಲಿ ಒಬ್ಬ ಬಂದು ಹೂವನ್ನೇ ಕಿತ್ತರೆ?

ಅನ್ವಿತಾ ಕಾವಲಿಗೆ ನಿಂತಳು. ದಿನವೂ ಬೇಗ ಎದ್ದು, ತಲೆ ಬಾಚಿ, ಮೆಟ್ಟಿಲ ಬಾಗಿಲಿನ ಹಿಂದೆ ಅಡಗಿದಳು. ಕಳ್ಳನನ್ನು ಹಿಡಿಯಲು ತಲೆ ಯಾಕೆ ಬಾಚಬೇಕು ಎಂದು ನೀವು ಕೇಳಬಹುದು. ಆಗ ಯಾರಾದರೂ ಅವಳಲ್ಲಿ ಹಾಗೆ ಕೇಳಿದ್ದರೆ ಜಗಳಕ್ಕೇ ಬರುತ್ತಿದ್ದಳು!

ಧನರಾಜ್ ಬರುತ್ತಿದ್ದ. ಬಳ್ಳಿಗಳ ನಡುವೆ ಕೂತು ಏನೋ ಮಾಡುತ್ತಿದ್ದ. ಅವಳ ಹೆಜ್ಜೆ ಕೇಳಿದರೆ ಎದ್ದು ನಿಲ್ಲುತ್ತಿದ್ದ. 'ಏನೋ ಉಂಟು...' ಎಂದುಕೊಳ್ಳುತ್ತಿದ್ದಳು ಅವಳು. ಅವನು ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ.

ಒಂದು ಬೆಳಿಗ್ಗೆ ಅವನು ನೀರಿನ ಟ್ಯಾಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬೈರಾಸಿನ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕಟ್ಟುತ್ತಿದ್ದ. ಅನ್ವಿತಾ ಎದುರಿಗೇ ಬಂದು ನಿಂತಳು.

"ಅಲ್ಲಿ ಎಂತ ಬಚ್ಚಿಟ್ಟದ್ದು?"

ಅವನು ಸಂದಿಗೆ ಅಡ್ಡ ನಿಂತ. "ಏನಿಲ್ಲ. ಅಲ್ಲಿ ನೋಡ್ಬೇಡಿ, ದಯವಿಟ್ಟು."

"ಯಾಕೆ ನೋಡ್ಬಾರ್ದು?"

"ಈಗ ಹೇಳ್ಲಿಕ್ಕೆ ಆಗುದಿಲ್ಲ. ಸ್ವಲ್ಪ ದಿನ ನನ್ನನ್ನು ನಂಬ್ತೀರಾ?"

ನಂಬು! ಅದೇ ಮಾತು. ಹಿಂದೆ ಇನ್ನೊಬ್ಬನೂ ಹೇಳಿದ್ದ ಅದೇ ಮಾತು! ಇಲ್ಲಿ ನಿಷೇಧವಿರುವ ಮದ್ಯದ ಬಾಟಲಿಯೋ? ಇನ್ನೇನಾದರೂ ಕೆಟ್ಟದ್ದೋ? ಈ ದೇಶದಲ್ಲಿ ಪೊಲೀಸರು ಬಂದರೆ ತೋಟದ ಜೊತೆ ಎಲ್ಲರ ಇಕಾಮಾಕ್ಕೂ, ಅಂದರೆ ವಾಸದ ಪರವಾನಗಿಗೂ, ಕುತ್ತು. ಸಂದಿಗೆ ಕೈ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ನೇರ ಬಾಸಿತ್‌ನ ಬಳಿ ಹೋಗಿ ದೂರು ಹೇಳಿದಳು.

ಬಾಸಿತ್ ಮೇಲೆ ಹೋಗಿ ನೋಡಿ ಬಂದ. "ಅಂಥದ್ದು ಎಂತ ಇಲ್ಲ ಮೇಡಂ" ಎಂದ. ಇದ್ದದ್ದು ಏನೆಂದು ಮಾತ್ರ ಬಾಯಿ ಬಿಡಲಿಲ್ಲ.

'ಇವನೂ ಅವನ ಕಡೆಯೇ!' ಅವಳ ಹಟ ಏರಿತು. ಕೊನೆಗೆ ಬಾಸಿತ್ ಪ್ರತಿ ಮನೆಗೂ ಕೊಟ್ಟಿದ್ದ ಟೆರೇಸಿನ ಕೀಲಿಯನ್ನು ಧನರಾಜನ ಕೈಯಿಂದ ವಾಪಸ್ ಪಡೆಯಲೇಬೇಕಾಯಿತು. ಅವನು ಜಗಳವಾಡಲಿಲ್ಲ. ಕೀಲಿ ಕೊಟ್ಟು ಅವಳ ಕಡೆ ಒಮ್ಮೆ ನೋಡಿದ, ಅಷ್ಟೇ. ಆ ನೋಟ ಅವಳ ಜೊತೆ ಲ್ಯಾಬಿಗೂ ಬಂತು, ಊಟಕ್ಕೂ ಬಂತು.

ಈಗ ಹೂಗಳು ಬಳ್ಳಿಯಲ್ಲೇ ಉಳಿದವು. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಹೂವಿನ ಬುಡದ ಮಿಡಿಗಳು ಹಳದಿಯಾಗಿ ಒಂದೊಂದೇ ಉದುರತೊಡಗಿದವು. ನೀರು ಹಾಕಿದಳು, ಗೊಬ್ಬರ ಹಾಕಿದಳು, ನೆರಳಿನ ಬಲೆ ಕಟ್ಟಿದಳು. ಏನು ಮಾಡಿದರೂ ಒಂದೂ ನಿಲ್ಲಲಿಲ್ಲ. ಟ್ಯಾಂಕಿನ ಹಿಂದಿನ ಆ ಸಂದಿಯ ಕಡೆ ಮಾತ್ರ ಅವಳು ಸುಳಿಯಲೇ ಇಲ್ಲ.

ಬೆಳಿಗ್ಗೆ ಮಾತ್ರ ಅವಳಿಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು, ಎದ್ದು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. 'ಇನ್ನು ಯಾರನ್ನು ಹಿಡಿಯಲಿಕ್ಕೆ ಏಳುವುದು?' ಎಂದು ಕೇಳಿಕೊಂಡಾಗ ಕಣ್ಣು ಒದ್ದೆಯಾಯಿತು. ಅದಕ್ಕೂ ಅವಳು ಧೂಳನ್ನೇ ಬೈದಳು.

ಬಿಸುವಿನ ಮುಂಚಿನ ಶುಕ್ರವಾರ ಮಾಲೀಕರು ಬಂದರು. ಕಟ್ಟಡದವರೆಲ್ಲ ಮೇಲೆ ಸೇರಿದ್ದರು. ಹಿಂದೆ, ಬಾಗಿಲ ಬಳಿ, ಧನರಾಜನೂ ಇದ್ದ. ಮಾಲೀಕರು ಡ್ರಮ್ಮುಗಳ ನಡುವೆ ನಡೆದು, ಎಲೆ ಎತ್ತಿ ನೋಡಿ, ಕೈ ಕೊಡವಿದರು.

"ಖಲಾಸ್."

"ನಾಳೆಯೇ ಡ್ರಮ್ ಎಲ್ಲ ಇಳಿಸ್ಲಿಕ್ಕೆ ಹೇಳ್ತಾರೆ ಮೇಡಂ" ಎಂದ ಬಾಸಿತ್ ಮೆಲ್ಲನೆ.

ಅನ್ವಿತಾ ತಲೆ ತಗ್ಗಿಸಿದಳು. ಇಷ್ಟು ಮನೆಗಳನ್ನು ನಂಬಿಸಿ, ಇಷ್ಟು ತಿಂಗಳು ಮಣ್ಣು ಹೊರಿಸಿ... ಈಗ ಯಾರ ಮುಖ ನೋಡುವುದು?

"ಒಂದು ನಿಮಿಷ."

ಧನರಾಜ್ ಜನರನ್ನು ದಾಟಿ ಟ್ಯಾಂಕಿನ ಬಳಿ ಹೋದ. ಸಂದಿಯ ಕತ್ತಲಿನತ್ತ ಕೈ ಚಾಚಿದ. ಬೆರಳು ಮಾತ್ರ ಮಡಚಿಕೊಂಡೇ ಇತ್ತು.

ಅನ್ವಿತಾ ಆ ಮಡಚಿದ ಬೆರಳನ್ನು ನೋಡಿದಳು. ಊರಿನ ನಂಬಿಕೆಯೊಂದು ಥಟ್ಟನೆ ನೆನಪಾಯಿತು.

ಎಳೆಕಾಯಿಗೆ ಬೆರಳು ತೋರಿಸಬಾರದು! ಕಾಯಿ ಕಚ್ಚಿದೆ ಎಂದು ಬಾಯಲ್ಲಿ ಹೇಳಲೂ ಬಾರದು, ಕೊಳೆತು ಉದುರುತ್ತದೆ. ಅವಳ ಅಜ್ಜಿ ಇದೇ ಕಾರಣಕ್ಕೆ ಅವಳ ಕೈಗೆ ಎಷ್ಟು ಸಲ ಹೊಡೆದಿರಲಿಲ್ಲ!

ಮಾಲೀಕರಿಗೆ ಏನೂ ಕಾಣಲಿಲ್ಲ. ಹುಬ್ಬು ಗಂಟಿಕ್ಕಿದರು. ಧನರಾಜ್ ಒಮ್ಮೆ ಅನ್ವಿತಾಳತ್ತ ತಿರುಗಿದ. ಆಮೇಲೆ ಬೆರಳನ್ನು ನೆಟ್ಟಗೆ ಮಾಡಿ ತೋರಿಸಿಯೇಬಿಟ್ಟ, ಬೈರಾಸನ್ನೂ ಸರಿಸಿದ.

ನೆರಳಿಗೆ ಹರಿದಿದ್ದ ಬಳ್ಳಿಯಲ್ಲಿ, ಬಟ್ಟೆಯ ಜೋಲಿಯೊಳಗೆ, ಗೀರುಗೀರಿನ ಗುಂಡು ಸೌತೆಕಾಯಿಗಳು ತೂಗುತ್ತಿದ್ದವು.

"ಮಾಶಾಅಲ್ಲಾ!" ಮಾಲೀಕರ ಬಾಯಿಂದ ತಾನಾಗಿ ಬಂತು.

"ಕಣ್ಣು ತಾಗದ ಹಾಗೆ ಹೇಳಿದ್ದು ಅವರು" ಎಂದ ಬಾಸಿತ್ ನಗುತ್ತ. "ತೋಟ ಇರಲಿ ಅಂತೆ!"

ಎಲ್ಲರೂ ಇಳಿದು ಹೋದರು. ಅವರಿಬ್ಬರೇ ಉಳಿದರು.

"ಹೂ ಕಿತ್ತದ್ದು ಯಾಕೆ?" ಅನ್ವಿತಾಳ ದನಿ ಈಗ ಸಣ್ಣದಾಗಿತ್ತು.

"ಇಲ್ಲಿ ಜೇನುನೊಣ ಎಲ್ಲುಂಟು? ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸ್ಬೇಕು. ಬೆಳಿಗ್ಗೆ ಬೆಳಿಗ್ಗೆ, ಗುರುತಿಲ್ಲದ ಹುಡುಗಿ ಹತ್ರ ಗಂಡು, ಹೆಣ್ಣು ಅಂತ ಹೇಗೆ ಹೇಳುದು ಮಾರಾಯ್ರೇ?"

ಅವಳು ನಕ್ಕಳು. ನಗುತ್ತಲೇ ಅತ್ತಳು. "ಕಾಯಿ ಕಚ್ಚಿದ್ದನ್ನಾದ್ರೂ ಹೇಳ್ಬಹುದಿತ್ತಲ್ಲ!"

"ನೀವು ಅಷ್ಟು ಆಸೆಯಿಂದ ಬೆಳೆಸಿದ್ದು. ನನ್ನ ಬಾಯಿಂದ ಹಾಳಾಗುದು ಬೇಡ ಅಂತ... ಬಾಸಿತ್ ಭಾಯಿಗೂ ಆಣೆ ಹಾಕಿಸಿದ್ದೆ."

"ನಾನು ನಿಮ್ಮನ್ನು ಕಳ್ಳ ಅಂದೆ. ಕೀಲಿ ಕಿತ್ಕೊಂಡೆ. ತಪ್ಪಾಯ್ತು." ಅವಳು ಕಣ್ಣೊರೆಸಿಕೊಂಡಳು. "ನೀವು ಬಾರದ ಮೇಲೂ ದಿನಾ ಎದ್ದು ಬಾಗಿಲ ಹಿಂದೆ ನಿಂತಿದ್ದೆ, ಗೊತ್ತುಂಟಾ? ಯಾಕೆ ಅಂತ ನಂಗೇ ತಿಳಿದಿರ್ಲಿಲ್ಲ. ಈಗ ತಿಳೀತು."

ಧನರಾಜನ ಕಿವಿ ಮತ್ತೆ ಕೆಂಪಾಯಿತು.

ಅವಳು ಹತ್ತಿರ ಬಂದಳು. "ಇನ್ನೇನಾದ್ರೂ ಬಚ್ಚಿಟ್ಟಿದ್ದೀರಾ?"

"ಒಂದುಂಟು."

"ಹೇಳಿ."

"ಹೇಳಿದ್ರೆ ಉದುರಿ ಹೋದೀತು ಅಂತ ಹೆದರಿಕೆ..."

"ಉದುರುದಿಲ್ಲ. ನಾನು ಹಿಡ್ಕೊಳ್ತೇನೆ."

"ನೀವಂದ್ರೆ ನಂಗೆ ಜೀವ, ಅನ್ವಿತಾ. ಮೊದಲ ದಿನ ಬೈದ್ರಲ್ಲ, ಅವತ್ತಿಂದ್ಲೇ."

ಅವಳು ಅವನ ಕೈ ಹಿಡಿದುಕೊಂಡಳು. ಆದರೂ ಹುಬ್ಬು ಮೇಲೇರಿತು. "ಅವತ್ತಿಂದ್ಲೇನಾ? ನಿಜವಾ?"

"ಅನುಮಾನ ಇದ್ರೆ ಜೀವಮಾನವಿಡೀ ಕಾವಲು ಕಾಯಿರಿ."

"ಕಾಯ್ತೇನೆ" ಎಂದಳು ಅನ್ವಿತಾ. "ಬಿಡುದೇ ಇಲ್ಲ."