ಒಂದು ದಿನದ ಗಾಡಿ

“ಮತ್ತೆ ಅಲ್ಲಾಡ್ತಿದೆ!” ಅಹಮದ್ ಪಾಷಾ ಹೊಸ ಚಕ್ರವನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದರು. “ಮಾದೇವ, ಇನ್ನೊಂದು ಚಕ್ರ ಹೀಗಾದ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೊ.”

ಮಾದೇವ ಚಕ್ರವನ್ನು ತನ್ನತ್ತ ಎಳೆದುಕೊಂಡ.

ಬಾಗಿಲಲ್ಲಿ ಸ್ಲೇಟು ಹಿಡಿದು ನಿಂತಿದ್ದ ಖಮರುನ್ನೀಸಾ ಇದನ್ನು ಕೇಳಿಸಿಕೊಂಡಳು. ಹುಣಸೂರಿನಲ್ಲಿ ಅವಳ ಅಬ್ಬಾ ಮಾಡಿಸುವ ಎತ್ತಿನ ಗಾಡಿಗಳಿಗೆ ದೊಡ್ಡ ಹೆಸರು. ಆ ಹೆಸರು ತಂದದ್ದು ಮಾದೇವನ ಚಕ್ರಗಳು. ಅವಳಿಗೆ ಬುಗುರಿ ಮಾಡಿಕೊಟ್ಟವನೂ ಅವನೇ. ಅಂಥ ಕೈಗೆ ಈಗ ಏನಾಯಿತು?

ಪಾಪ, ಹಸಿವಿರಬೇಕು ಎಂದುಕೊಂಡು ಒಳಗಿನಿಂದ ಒಂದು ಬಟ್ಟಲು ಶಾವಿಗೆ ಖೀರು ತಂದಳು.

“ಆಮ್ಯಾಕೆ ತಿಂತೀನಿ, ಮಡಗವ್ವ” ಎಂದ ಮಾದೇವ. ಮಗ್ಗಿ ಬಾರದ ಹುಡುಗನಂತೆ ಉಳಿ ಹಿಡಿದು ಸುಮ್ಮನೆ ಕೂತ.

“ಮಾದೇವಣ್ಣ, ನಿಂಗೆ ಈ ಕೆಲಸ ಬೇಜಾರಾ?”

“ಕೆಲ್ಸ ಬ್ಯಾಸ್ರ ಇಲ್ಲ ಕಣವ್ವ. ಮೊದ್ಲು ಗಾಡಿ ಆಗ್ತಿದ್ದಂಗೆ ನಾನೇ ಎತ್ತು ಕಟ್ಟಿ ಒಳೆಗಂಟ ಒಂದು ಸುತ್ತು ಓಡುಸ್ತಿದ್ದೆ. ಬೀದೀಲಿ ‘ಯಾರ್ದ್ಲಾ ಗಾಡಿ?’ ಅಂತ ಕೇಳೋರು. ‘ನಂದು ಕಣ್ಲಾ’ ಅಂತಿದ್ದೆ.” ಅವನು ನಕ್ಕ. “ತಗಳೋರು ಬ್ಯಾರೆಯೋರು ಬುಡು. ಆದ್ರೂ ಅವತ್ತೊಂದಿನ ನಂದೇಯ. ಈಗ ಟೈಮ್ ವೇಸ್ಟು ಅಂತ ನಿಮ್ಮಪ್ಪಾರು ನಿಲ್ಸವ್ರೆ.”

ಇಷ್ಟೇನಾ? ಖಮರ್ ಅಬ್ಬಾನ ಬಳಿಗೆ ಓಡಿದಳು.

“ಅಬ್ಬಾ, ಆ ಚಕ್ರ ಹಾಕೋ ಗಾಡಿ ಯಾರದು?”

“ರಾವಂದೂರಿನ ಚನ್ನಬಸವಣ್ಣೋರದು. ನಾಳೆ ಸಂಜೆ ಬರ್ತಾರೆ.”

“ಅವರು ಬರೋ ತನಕ?”

“ಅಂದ್ರೆ?”

“ಅಲ್ಲೀವರೆಗೆ ಮಾದೇವಣ್ಣಂದು ಅಂತಿರಲಿ ಅಬ್ಬಾ. ಮೊದಲಿನ ಹಾಗೆ ಹೊಳೆ ತನಕ ಒಂದೇ ಸುತ್ತು. ಪ್ಲೀಸ್!”

ಅಬ್ಬಾ ಗಡ್ಡ ತುರಿಸಿಕೊಂಡರು. ಹಾಗೆ ತುರಿಸಿಕೊಂಡರೆ ಅರ್ಧ ಒಪ್ಪಿದಂತೆ. ಮನೆಯವರಿಗೆಲ್ಲ ಇದು ಗೊತ್ತು.

“ಮಾದೇವ,” ಅವರು ಕೂಗಿ ಹೇಳಿದರು, “ನಾಳೆ ಗಾಡಿಗೆ ನೀನೇ ಎತ್ತು ಕಟ್ಟು. ಹೊಳೆ ತನಕ ಹೋಗಿ ಬಾ.”

ಮಾದೇವ ಎದ್ದು ನಿಂತ. ಅಲ್ಲಾಡುವ ಚಕ್ರವನ್ನು ಒಂದು ಗಳಿಗೆ ನೋಡಿದ. ಆಮೇಲೆ ಅದನ್ನು ನೆಲಕ್ಕೆ ಮಲಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

“ಅಯ್ಯೋ, ಪೂರ್ತಿ ಯಾಕೆ ಬಿಚ್ತೀಯ? ಒಂದು ಬೆಣೆ ಹೊಡೆದ್ರೆ ಸಾಕಲ್ಲ!” ಎಂದರು ಅಬ್ಬಾ.

“ಬುಡಿ ಸಾಬ್ರೇ! ಇಂತಾ ಚಕ್ರ ಕಟ್ಕಂಡು ಬೀದಿಗೋಗಿ ನಂದು ಅಂತ ಎಂಗೇಳ್ಲಿ?”

ಉಳಿಯ ಸದ್ದು ಟಕಟಕ ಶುರುವಾಯಿತು.

ಖೀರು ಆರುತ್ತಿತ್ತು. ಮಾದೇವ ಈಗ ಕೆಲಸ ಬಿಟ್ಟು ಏಳುವುದಿಲ್ಲ ಎಂದು ಖಮರ್‌ಗೆ ಗೊತ್ತಾಯಿತು. ಮರದ ಹೊಟ್ಟು ಬೀಳದಂತೆ ಬಟ್ಟಲ ಮೇಲೆ ತನ್ನ ಸ್ಲೇಟು ಮುಚ್ಚಿ, ಅಲ್ಲೇ ಕೂತಳು.