ಕಾದ ಎಂಜಿನ್, ಅಜ್ಜಿಯ ತಣ್ಣನೆ ಕಾಲು

"ಅಯ್ಯೋ, ನೀರು ಹಾಕ್ಬೇಡಿ!"

ಗ್ಯಾರೇಜಿನೊಳಗಿಂದ ಕೂಗುತ್ತಲೇ ಅವಳು ಓಡಿಬಂದಳು. ಓಡಿದ ರಭಸಕ್ಕೆ ಅವಳ ಮೊಣಕೈ ಅವನ ಕೈಯಲ್ಲಿದ್ದ ಬಕೆಟ್ಟಿಗೆ ತಾಗಿತು. ನೀರೆಲ್ಲ ಅವನ ಅಂಗಿಯ ಮೇಲೆ!

"ಏನ್ರೀ ಇದು! ಬೈಕ್ ಎಂಜಿನ್ ಹೊಗೆಯಾಡ್ತಿದೆ, ತಣ್ಣಗೆ ಮಾಡೋಣ ಅಂದ್ರೆ..."

"ಕಾದ ಎಂಜಿನ್ ಮೇಲೆ ತಣ್ಣೀರು ಸುರಿದ್ರೆ ಸಿಲಿಂಡರ್ ಬಿರುಕು ಬಿಡುತ್ತೆ. ನಿಮ್ಮ ಅಂಗಿ ಒಣಗುತ್ತೆ, ಸಿಲಿಂಡರ್ ಕೂಡಿಕೊಳ್ಳಲ್ಲ."

ಅವನು ಖಾಲಿ ಬಕೆಟ್ ಕೆಳಗಿಟ್ಟ.

"ಚೆನ್ನಾಗಿ ಮಾಡ್ದೆ ಮಗಳೇ! ಬೆಳಗ್ಗೆಯಿಂದ ಸ್ನಾನ ಮಾಡೋ ಅಂತ ಬಡ್ಕೋತಿದ್ದೆ. ಈಗ ಆಯ್ತು ನೋಡು."

ದನಿ ಬಂದದ್ದು ಬೈಕಿನ ಪಕ್ಕದಿಂದ. ಆಗಲೇ ಅವಳು ಸರಿಯಾಗಿ ನೋಡಿದ್ದು... ಬೈಕಿಗೆ ಒಂದು ಚಕ್ರದ ಸೈಡ್‌ಕಾರ್ ಜೋಡಿಸಲಾಗಿತ್ತು. ಒಳಗೆ ಮೆತ್ತನೆಯ ಸೀಟು, ಒರಗಿಕೊಳ್ಳಲು ದಿಂಬು, ಕಾಲು ನೀಡಲು ಉದ್ದನೆಯ ಜಾಗ. ಅದರಲ್ಲಿ ಕಂಬಳಿ ಹೊದ್ದ ಒಬ್ಬ ಪುಟ್ಟ ಅಜ್ಜಿ.

"ಅಜ್ಜಿಗೆ ಮಂಡಿ ಮಡಚೋಕಾಗಲ್ಲ," ಎಂದ ಅವನು, ಅಂಗಿ ಹಿಂಡುತ್ತಾ. "ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಸ್ ಹತ್ತೋಕಾಗಲ್ಲ, ಕಾರಲ್ಲಿ ಕಾಲು ನೀಡೋಕಾಗಲ್ಲ. ಅದಕ್ಕೇ ನಾನೇ ಇದನ್ನ ಮಾಡ್ದೆ."

"ನೀವೇ ಮಾಡಿದ್ದಾ?"

"ತಗಡು ಕೆಲಸ ನಂದು. ಹೋಟೆಲ್ ಅಡುಗೆಮನೆಗಳಿಗೆ ಚಿಮಣಿ ಮಾಡ್ತೀನಿ."

ಅವಳು ಬೆಸುಗೆಯ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ಒಂದು ಗಂಟಿಲ್ಲ, ಒಂದು ಚೂಪು ಅಂಚಿಲ್ಲ. ಅಜ್ಜಿಯ ಕೈ ತಾಗುವ ಕಡೆಯೆಲ್ಲ ತಗಡನ್ನು ಒಳಕ್ಕೆ ಮಡಚಿ ಬಟ್ಟೆ ಸುತ್ತಿದ್ದ.

'ಇಷ್ಟು ಅಕ್ಕರೆಯಿಂದ ಕೆಲಸ ಮಾಡೋರು ಇನ್ನೂ ಇದ್ದಾರಾ!' ಎನಿಸಿತು ಅವಳಿಗೆ. ಬಾಯಲ್ಲಿ ಮಾತ್ರ, "ಬೆಸುಗೆ ಪರವಾಗಿಲ್ಲ. ಎಂಜಿನ್ನಿಗೆ ಮಾಡಿರೋದು ಮಾತ್ರ ಘೋರ!" ಎಂದಳು.

ಆ ದಿನವೂ, ಬೈಕ್ ಸರಿಯಾಗುವವರೆಗಿನ ಸರದಿಗಳಲ್ಲೂ ಅವಳ ಅಪ್ಪ ಅಜ್ಜಿಯನ್ನು ಗ್ಯಾರೇಜಿನ ವ್ಯಾನಿನಲ್ಲಿ ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಬಿಟ್ಟುಬಂದರು. ಬೈಕ್ ಅವಳ ಬಳಿಯೇ ಉಳಿಯಿತು.

ಆ ಬೀದಿಯವರೆಲ್ಲ ಅವಳನ್ನು ಕರೆಯುವುದೇ ಡಾಕ್ಟ್ರಮ್ಮ ಎಂದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಅವಳು ರೋಗ ಹೇಳುತ್ತಿದ್ದಳು. ಅಪ್ಪನಿಗೆ ಬಗ್ಗಿ ಕೂತು ಕೆಲಸ ಮಾಡಲು ಆಗದಾದಾಗಿನಿಂದ ಗ್ಯಾರೇಜು ಅವಳದೇ.

ಮರುದಿನ ಅವನು ಬಂದಾಗ ಅವಳು ಸ್ಪಾರ್ಕ್ ಪ್ಲಗ್ ಎತ್ತಿ ತೋರಿಸಿದಳು. "ನೋಡಿ, ತುದಿ ಬೆಳ್ಳಗಾಗಿದೆ. ಹೊಸ ಫಿಲ್ಟರ್, ಹೊಸ ಸೈಲೆನ್ಸರ್ ಹಾಕಿಸಿದ್ರಲ್ಲ... ಗಾಳಿ ಜಾಸ್ತಿ ಹೋಗ್ತಿದೆ, ಪೆಟ್ರೋಲ್ ಸಾಲ್ತಿಲ್ಲ. ಖಾಲಿ ಪಾತ್ರೆ ಒಲೆ ಮೇಲಿಟ್ಟ ಹಾಗೆ. ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ ಹಾಕ್ತೀನಿ, ಪೆಟ್ರೋಲ್ ಜಾಸ್ತಿ ಬರುತ್ತೆ."

"ಅಷ್ಟೇನಾ?"

"ಭಾರ ಎಳೆಯೋಕೆ ಚೈನಿನ ಹಿಂದಿನ ಹಲ್ಲುಚಕ್ರ ದೊಡ್ಡದು ಬೇಕು. ಆಮೇಲೆ ಎಂಜಿನ್ ಮುಂದಿಂದ ಸೈಡ್‌ಕಾರಿನವರೆಗೆ ಅಡ್ಡ ಇರೋ ಈ ತಗಡು... ಇದನ್ನ ಯಾಕೆ ಹಾಕಿದ್ರಿ? ಎಂಜಿನ್ನಿಗೆ ಗಾಳಿಯೇ ಬೀಳಲ್ಲ. ತೆಗೀಲೇಬೇಕು."

ಅವನು ಖಾಲಿ ಸೈಡ್‌ಕಾರಿನ ಕಡೆ ಒಮ್ಮೆ ನೋಡಿ ತಲೆಯಾಡಿಸಿದ.

ನಾಲ್ಕು ದಿನ ಅವನು ಪಕ್ಕದಲ್ಲೇ ಕೂತು ಅವಳ ಕೆಲಸ ನೋಡಿದ. ಬೇಕಾದ ಸ್ಪ್ಯಾನರ್ ಕೇಳುವ ಮೊದಲೇ ಅವಳ ಕೈಗೆ ಬರುತ್ತಿತ್ತು.

"ನಿಮಗೆ ಅದು ಹೇಗ್ರೀ ಕೇಳಿಸುತ್ತೆ? ನನಗೆ ಬರೀ ಡಬಡಬ ಅನ್ನುತ್ತೆ..." ಎಂದು ಅವನು ಬೆರಗಿನಿಂದ ಕೇಳಿದಾಗ ಅವಳ ಕಿವಿ ಕೆಂಪಾಯಿತು.

ಅಪ್ಪ ಮೂಲೆಯಿಂದ ಕೆಮ್ಮಿದರು. "ಮಗಳೇ, ಬಿಸಿ ಆಗಿರೋದು ಬೈಕಾ, ನೀನಾ?"

"ಅಪ್ಪಾ!"

ಐದನೆಯ ದಿನ ಅಜ್ಜಿಯ ತೂಕದಷ್ಟು ಮರಳಿನ ಚೀಲ ಹೇರಿಕೊಂಡು ಇಬ್ಬರೂ ಆಸ್ಪತ್ರೆಯ ಏರು ಹತ್ತಿಳಿದರು. ಎಂಜಿನ್ ಒಮ್ಮೆಯೂ ಮುನಿಯಲಿಲ್ಲ. ಹೋಗುವಾಗ ಅವನು ಅವಳ ಮುಖವನ್ನೇ ನೋಡುತ್ತಾ, "ಸೋಮವಾರ ಬಂದು ಹೇಳ್ತೀನಿ, ಹೇಗೆ ಓಡ್ತು ಅಂತ," ಎಂದ.

ಸೋಮವಾರ ಬಂತು. ಅವನು ಬರಲಿಲ್ಲ.

ಬಂದದ್ದು ಬಿಡಿಭಾಗದ ಅಂಗಡಿಯವರು. "ಡಾಕ್ಟ್ರಮ್ಮಾ, ನೀನು ರಿಪೇರಿ ಮಾಡಿದ ಆ ಅಜ್ಜಿ ಗಾಡಿ ಏರಲ್ಲೇ ಕೆಟ್ಟು ನಿಂತಿತ್ತು. ಪಾಪ, ಅಜ್ಜಿಗೆ ಒಂದು ಗಂಟೆ ತಡವಾಯ್ತಂತೆ!"

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

ಫೋನ್ ಮಾಡಿದಳು. ತೆಗೆಯಲಿಲ್ಲ. ಮತ್ತೆ ಮಾಡಿದಳು... ಇಲ್ಲ.

'ನನ್ನ ಮೇಲೆ ಕೋಪ. ಇರಲೇಬೇಕಲ್ಲ! ಅವರ ಅಜ್ಜಿಯ ಜೀವ ನನ್ನ ಕೈಲಿ ಕೊಟ್ಟಿದ್ರು...'

ಒಂದು ವಾರ ಅವಳು ಲೆಕ್ಕ ತಿರುವಿ ಹಾಕಿದಳು. ಜೆಟ್ ಸರಿ, ಹಲ್ಲುಚಕ್ರ ಸರಿ, ಆಯಿಲ್ ಸರಿ. ತಪ್ಪು ಎಲ್ಲಿ? ಮೊದಲ ಬಾರಿಗೆ ಅವಳಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು.

"ಮನೇಲಿ ಕೂತು ಕೊರಗಿದ್ರೆ ಎಂಜಿನ್ ತಣ್ಣಗಾಗಲ್ಲ," ಎಂದರು ಅಪ್ಪ. "ಹೋಗಿ ನೋಡು."

ಅವಳು ಹೋದಳು. ಅವನ ಮನೆಯ ಮುಂದೆ ಬೈಕ್ ನಿಂತಿತ್ತು. ಒಮ್ಮೆ ನೋಡಿದ್ದೇ ಸಾಕಾಯಿತು.

ಅವಳು ಬಿಚ್ಚಿಟ್ಟಿದ್ದ ತಗಡು ಮತ್ತೆ ಎಂಜಿನ್ನಿನ ಮುಂದೆ ಕೂತಿತ್ತು!

"ನನ್ನ ಮಾತಿಗೆ ಇಷ್ಟೇನಾ ಬೆಲೆ?" ಎಂದು ಅವಳು ಗದರುವಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ತಲೆ ತಗ್ಗಿತ್ತು.

ಉತ್ತರ ಒಳಗಿನಿಂದ ಬಂತು. "ಅವನನ್ನ ಬೈಬೇಡ ಮಗಳೇ. ತಪ್ಪು ನನ್ನ ಕಾಲಿಂದು. ರಕ್ತ ಶುದ್ಧಿ ಮಾಡಿಸ್ಕೊಂಡು ಬರುವಾಗ ಪಾದ ಕೊರಡಾಗಿಬಿಡುತ್ತೆ. ಗಾಳಿ ತಡೀಲಿ ಅಂತ ಆ ತಗಡು ಹಾಕಿದ್ದ. ನೀನು ತೆಗೆದ ಮೇಲೆ ನಾನು ಚಳಿ ಚಳಿ ಅಂದೆ. ನನ್ನ ಮರಿ ತಡೆಯಲಾರದೆ ಮತ್ತೆ ಹಾಕ್ದ. ಈಗ ಏರಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗ್ತೀವಿ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನಾಲ್ಕು ದಿನ ನೀವು ಪಟ್ಟ ಕಷ್ಟ ಕಣ್ಣಾರೆ ನೋಡಿದ್ದೆ," ಎಂದ ಅವನು ಮೆಲ್ಲಗೆ. "ಅದನ್ನ ನಾನೇ ಹಾಳು ಮಾಡ್ದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಫೋನ್ ಬಂದಾಗಲೆಲ್ಲ ಕೈಯಲ್ಲಿ ಹಿಡ್ಕೊಂಡೇ ನಿಂತಿರ್ತಿದ್ದೆ..."

ಅವಳ ಕೋಪ ಕಾಲಿಗೆ ಬುದ್ಧಿ ಹೇಳಿತ್ತು. ಎಂಜಿನ್ನಿಗೆ ಗಾಳಿ ಬೇಕು, ಅಜ್ಜಿಗೆ ಬಿಸಿ ಬೇಕು. ಒಂದು ಕಡೆ ಹೆಚ್ಚಾದದ್ದೇ ಇನ್ನೊಂದು ಕಡೆ ಕಡಿಮೆ...

"ಒಂದ್ನಿಮಿಷ! ನೀವು ಚಿಮಣಿ ಮಾಡೋರಲ್ವಾ? ಹೊಗೆನ ಬೇಕಾದ ಕಡೆಗೆ ತಿರುಗಿಸೋದು ನಿಮ್ಮ ಕೆಲಸ ತಾನೇ?"

ಅವನು ತಲೆಯೆತ್ತಿದ. ಅವಳು ಹೇಳಿ ಮುಗಿಸುವ ಮೊದಲೇ ಅವನ ಕಣ್ಣು ಹೊಳೆಯಿತು. "ಮುಂದಿನಿಂದ ಅಗಲ ಬಾಯಿ... ಗಾಳಿ ನೇರ ಎಂಜಿನ್ ಮೇಲೆ..."

"ಅಲ್ಲಿ ಕಾದ ಗಾಳಿ ಹಿಂದಿನಿಂದ ಕೊಳವೆ ಹಿಡಿದು..."

"ಅಜ್ಜಿ ಕಾಲಿಗೆ!" ಇಬ್ಬರೂ ಒಟ್ಟಿಗೇ ಕೂಗಿದರು.

"ಸೈಲೆನ್ಸರ್ ಹೊಗೆ ಹತ್ರಕ್ಕೂ ಸುಳೀಬಾರ್ದು. ಬರೀ ಗಾಳಿ," ಎಂದು ಅವಳು ಬೆರಳೆತ್ತಿ ಎಚ್ಚರಿಸಿದಳು.

ಎರಡು ದಿನ ಅವಳು ಅಳತೆ ಹೇಳಿದಳು, ಅವನು ಕತ್ತರಿಸಿದ. ಒಂದು ಕೂದಲೆಳೆ ಸಂದಿಲ್ಲದಂತೆ ಅವನು ತಗಡು ಬಾಗಿಸುವುದನ್ನು ಅವಳು ಎವೆಯಿಕ್ಕದೆ ನೋಡಿದಳು. ಏನೇ ಹೇಳಿದರೂ ಒಂದು ಸಲ ತಟ್ಟಿ, ಒಂದು ಸಲ ಸವರಿ, ಹಾಗೇ ಮಾಡಿಕೊಡುತ್ತಿದ್ದ.

ಬುಧವಾರ ಬೆಳಗ್ಗೆ ಅಜ್ಜಿಯನ್ನು ಕೂರಿಸಿಕೊಂಡು ಅವನು ಹೊರಟ. ಅವಳು ತನ್ನ ಸ್ಕೂಟರಿನಲ್ಲಿ ಹಿಂದೆಯೇ, ಕಿವಿಯೆಲ್ಲ ಆ ಎಂಜಿನ್ನಿನ ಸದ್ದಿನಲ್ಲಿಟ್ಟು. ಏರು ಶುರುವಾಯಿತು. ಅರ್ಧ ದಾಟಿತು. ಅವಳು ಉಸಿರು ಬಿಗಿಹಿಡಿದಿದ್ದಳು... ಸದ್ದು ಒಂದೇ ಸಮ, ಒಂದೇ ಲಯ. ಆಸ್ಪತ್ರೆಯ ಬಾಗಿಲು ಬಂದೇಬಿಟ್ಟಿತು!

ಅಜ್ಜಿ ಕಂಬಳಿ ಸರಿಸಿ ಪಾದ ಅಲ್ಲಾಡಿಸಿದಳು. "ಬೆಚ್ಚಗಿದೆ ಕಣ್ರೋ! ವಾಪಸ್ ಹೋಗುವಾಗ ಎರಡು ಸುತ್ತು ಜಾಸ್ತಿ ಹೊಡೆಸು."

ಅಜ್ಜಿಯನ್ನು ಒಳಗೆ ಕರೆದೊಯ್ದ ಮೇಲೆ ಇಬ್ಬರೂ ಅಂಗಳದ ಬೆಂಚಿನಲ್ಲಿ ಕೂತರು. ನಾಲ್ಕು ಗಂಟೆ ಕಾಯಬೇಕಿತ್ತು.

"ನಿಮ್ಮಂಥೋರನ್ನ ನಾನು ನೋಡೇ ಇಲ್ಲ," ಎಂದ ಅವನು. "ಎಂಜಿನ್ ಸರಿ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಅಜ್ಜಿ ಕಾಲಿನವರೆಗೂ ಯೋಚನೆ ಮಾಡೋರು..."

"ಎಂಜಿನ್ ಸುಳ್ಳು ಹೇಳಲ್ಲ, ಫೋನ್ ತೆಗೀದೆ ಬಚ್ಚಿಟ್ಟುಕೊಳ್ಳಲ್ಲ. ಅದಕ್ಕೇ ನನಗೆ ಮನುಷ್ಯರಿಗಿಂತ ಅದೇ ಇಷ್ಟ ಇತ್ತು."

"ಇತ್ತಾ?"

"ಇತ್ತು."

"ಈಗ?"

ಅವಳು ಉಗುರಿನಲ್ಲಿ ಸಿಕ್ಕಿದ ಗ್ರೀಸನ್ನು ಕೆರೆಯುತ್ತಾ ಹೇಳಿದಳು, "ಈಗ ಒಬ್ಬ ಮನುಷ್ಯನೂ ಇಷ್ಟ."

ಅವನು ಅವಳ ಮಸಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಮ್ಮ ಅಪ್ಪನ ಹತ್ರ ನಾನೇ ಬಂದು ಮಾತಾಡ್ತೀನಿ."

"ಅಪ್ಪನಿಗೆ ಆಗಲೇ ಗೊತ್ತು. ನೀನು ನಿನ್ನ ಅಜ್ಜಿ ಹತ್ರ ಹೇಳು."

'ನೀನು' ಎಂಬ ಮಾತಿಗೆ ಅವನ ಮುಖವೆಲ್ಲ ಅರಳಿತು.

"ಅಜ್ಜಿಗೂ ಗೊತ್ತು ಕಣೇ. ಗೊತ್ತಾಗದೆ ಕೂತಿದ್ದೋರು ನಾವಿಬ್ರೇ!"